ದಕ್ಷಿಣಕ್ಕೆ ಒಂದು ಹಿಡಿ

ಆಳಂದದ ಕಾಲೇಜಿನಲ್ಲಿ ನನ್ನ ಮೊದಲ ತರಗತಿ. ಹಳೆಯ ಕಾವ್ಯವೊಂದರ ನಾಲ್ಕು ಸಾಲು ಓದಿ, ಎಂ.ಎ. ಪ್ರವೇಶ ಪರೀಕ್ಷೆಯ ಮಾದರಿಯಲ್ಲೇ ಕೇಳಿದೆ. ಬಾಗಿಲಲ್ಲಿ ನಿಂತ ಹೆಂಗಸು ಕವಿಯುತ್ತಿರುವ ಮೋಡ ನೋಡಿ ಒಳಗೆ ಹೋಗುತ್ತಾಳೆ. ಇಲ್ಲಿ ಮೋಡ ಯಾವುದರ ಸಂಕೇತ? ಮದ್ದೂರಿನಲ್ಲಿ ವರ್ಷಗಟ್ಟಲೆ ಇದೇ ಪ್ರಶ್ನೆ ಕೇಳಿದವಳು ನಾನು. ಅಲ್ಲಿ ಹಿಂದಿನ ಬೆಂಚಿನವರೂ ಯೋಚನೆ ಮಾಡದೆ ಬರೆಯುತ್ತಿದ್ದರು: ಸಮೃದ್ಧಿ, ಆಸೆ, ಬರಲಿರುವ ಸುಖ. ಇಲ್ಲಿ ಹಾಳೆ ಒಟ್ಟುಮಾಡಿ ನೋಡಿದರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಪದ: ಅಂಜಿಕೆ.

ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆ ಅಂದುಕೊಂಡೆ. "ಮೋಡ ಕಂಡ್ರೆ ಯಾರಿಗಾದ್ರೂ ಅಂಜಿಕೆ ಆಗುತ್ತಾ?" ಎಂದೆ. ಕಿಟಕಿ ಪಕ್ಕ ಕೂತಿದ್ದ ಹುಡುಗಿ ಎದ್ದು ನಿಂತಳು.

"ಮೇಡಮ್ರೀ, ಹೊರಗ ನೋಡ್ರಿ. ತೊಗರಿ ಹೂವಿಗೆ ಬಂದದ. ಈಗ ಮೋಡ ಕವಿದ್ರ ಹೂ ಉದುರ್ತಾವ, ಇದ್ದ ಕಾಯಿಗೆ ಹುಳ ಬೀಳ್ತಾವ. ಆಕಿ ಒಳಗ ಹೋಗಲಾರದೆ ಅಂಗಳದಾಗ ಕುಣೀಬೇಕೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಕಾಲಡಿಯ ನೆಲ ಸ್ವಲ್ಪ ಸರಿದ ಹಾಗಾಯಿತು. ಮೋಡವೇ ಇಲ್ಲಿ ಬೇರೆ ಅರ್ಥ ಕೊಡುತ್ತಿದ್ದರೆ ನಾನು ಕಟ್ಟಿಕೊಂಡು ಬಂದ ಪಾಠಗಳ ಗತಿಯೇನು?

ವರ್ಗಾವಣೆಯ ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಉಳಿದಿದ್ದದ್ದು ಮೂರೇ ಊರು: ಆಳಂದ, ಅಫಜಲಪುರ, ಜೇವರ್ಗಿ. ಮೂರರಲ್ಲಿ ಯಾವುದು ಎಲ್ಲಿದೆ ಎಂದು ನನಗೆ ತಿಳಿದಿರಲಿಲ್ಲ. ಪಟ್ಟಿಯಲ್ಲಿ ಮೊದಲು ಇದ್ದದ್ದಕ್ಕೆ ಕೈ ತೋರಿಸಿದೆ. ಮದುವೆ ಮಾಡಿಕೊಳ್ಳದೆ ಅಣ್ಣನ ಮನೆಯಲ್ಲೇ ಇದ್ದವಳು. ಈ ವಯಸ್ಸಿಗೆ ಮೊದಲ ಸಲ ನನ್ನದೇ ಎಂದು ಒಂದು ಒಲೆ ಹೂಡಿದ್ದು ಇಲ್ಲಿ.

ಮನೆ ಅಂದರೆ ಮಾಳಿಗೆಯ ಮೇಲೆ ಎರಡು ಕೋಣೆ. ನಮ್ಮ ಕಡೆಯ ರೆಡ್‌ಆಕ್ಸೈಡ್ ನೆಲ ಇಲ್ಲಿಲ್ಲ, ಬೂದುಬಣ್ಣದ ಪರಸಿ ಕಲ್ಲು ಹಾಸಿದ್ದಾರೆ. ಚಳಿಗಾಲದ ಬೆಳಗ್ಗೆ ಅದರ ಮೇಲೆ ಕಾಲಿಟ್ಟರೆ ನಿದ್ದೆ ತಾನಾಗಿ ಬಿಡುತ್ತದೆ. ಬೇಸಿಗೆಯಲ್ಲಿ ಅದೇ ಕಲ್ಲಿಗೆ ನೀರು ಸುರಿದು ಮಲಗಬೇಕು. ನಲ್ಲಿಗೆ ಇಲ್ಲಿ ನಳ ಅನ್ನುತ್ತಾರೆ. ಅದು ದಿನಾ ಬರುವುದಿಲ್ಲ. ಬಂದಾಗ ಕೆಳಗಿನಿಂದ ಮನೆಯೊಡತಿ ಕಾಶೀಬಾಯಿ "ನಳ ಬಂದಾವ್ರೀ" ಎಂದು ಕೂಗುತ್ತಾರೆ. ಓಣಿಗೆ ಓಣಿಯೇ ಕೊಡ ಹಿಡಿದು ಏಳುತ್ತದೆ. ನಾಲೆಯ ನೀರು ಕಣ್ಣೆದುರೇ ಹರಿಯುತ್ತಿದ್ದ ಊರಿನಿಂದ ಬಂದ ನನಗೆ, ಪಾತ್ರೆ ತೊಳೆದ ನೀರನ್ನು ತುಳಸಿಗೆ ಹಾಕುವುದು ಬಹುಬೇಗ ರೂಢಿಯಾಯಿತು. ಅದು ನನ್ನ ಮೊದಲ ಸಣ್ಣ ಗೆಲುವು.

ಊರಿನಿಂದ ತಂದ ರಾಗಿಹಿಟ್ಟು ಮುಗಿಯುವವರೆಗೂ ಮುದ್ದೆ ಮಾಡಿದೆ. ಒಂದು ದಿನ ಕಾಶೀಬಾಯಿ ಎದುರಿಗೇ ಕೂತು ನಾನು ಉಣ್ಣುವುದನ್ನು ನೋಡಿದರು.

"ಅಗಿಯೋದೇ ಇಲ್ಲೇನ್ರಿ ಇದನ್ನ?"

"ಇಲ್ಲ, ನುಂಗೋದು."

"ಗುಳಿಗಿ ನುಂಗಿದಂಗ? ಯವ್ವಾ, ಹೊಟ್ಟಿಗೆ ಹೆಂಗ ಗೊತ್ತಾಗ್ತದರಿ ಉಂಡದ್ದು?"

ಅವರೇ ನನಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದರು. ನಮ್ಮಲ್ಲಿ ರೊಟ್ಟಿ ತಟ್ಟುತ್ತಾರೆ, ಇಲ್ಲಿ ಬಡಿಯುತ್ತಾರೆ. ಬೆಳಗ್ಗೆ ಓಣಿಯಲ್ಲಿ ನಡೆದರೆ ಮನೆಮನೆಯಿಂದಲೂ ಆ ಸದ್ದು ಕೇಳುತ್ತದೆ. ನನ್ನ ರೊಟ್ಟಿಯ ಅಂಚು ಬಹಳ ಕಾಲ ಹರಿದೇ ಇತ್ತು.

ಕೆಲಸದ ದಿನಗಳು ಹೇಗೋ ಕಳೆಯುತ್ತಿದ್ದವು. ಭಾನುವಾರಗಳೇ ಕಷ್ಟ. ಎಲ್ಲರೂ ಮರ್ಯಾದೆಯಿಂದ ಮೇಡಮ್ರೀ ಅನ್ನುತ್ತಿದ್ದರು. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಬಟ್ಟೆ ಮಡಚುತ್ತಾ, ಯಾರೂ ಇಲ್ಲದಿದ್ದರೂ "ಏನ್ ಬಿಸಿಲಪ್ಪಾ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ನಮ್ಮ ಕಡೆಯ ಮಾತು ಮನೆಯೊಳಗೆ ಒಂದು ಸಲವಾದರೂ ಕೇಳಲಿ ಎಂದು.

ಮೋಡಕ್ಕೆ ಉತ್ತರ ಹೇಳಿದ ಹುಡುಗಿ ಅಂಬಿಕಾ. ಬಿ.ಎ. ಕೊನೆಯ ವರ್ಷ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಬರುತ್ತಿದ್ದಳು. ತಂದೆತಾಯಿ ಅಲ್ಲಿ ಬೇಸಾಯ ಮಾಡುತ್ತಾರೆ. ಒಂದು ಸಂಜೆ ಮಾಳಿಗೆ ಹತ್ತಿ ಬಂದು, "ಎಂ.ಎ. ಪರೀಕ್ಷಾಕ್ಕ ಓದಸ್ತೀರೇನ್ರಿ?" ಎಂದಳು. ಅಂದಿನಿಂದ ಕಾಲೇಜು ಬಿಟ್ಟ ಮೇಲೆ ಕೊನೆಯ ಬಸ್ಸಿಗೆ ಮುಂಚಿನವರೆಗೆ ನಾವಿಬ್ಬರೂ ಹಳೆಯ ಕಾವ್ಯಗಳ ಮುಂದೆ ಕೂರತೊಡಗಿದೆವು. ಪದ್ಯಭಾಗದ ಆಶಯವೇನು, ಪಾತ್ರದ ಸ್ವಭಾವ ಯಾವ ಮಾತಿನಲ್ಲಿ ಕಾಣುತ್ತದೆ, ಒಂದು ವಸ್ತು ಯಾವಾಗ ಬರೀ ವಸ್ತು, ಯಾವಾಗ ಸಂಕೇತ. ನಡುನಡುವೆ ನನ್ನ ಮಾತನ್ನು ಅಣಕಿಸುತ್ತಿದ್ದಳು. "ಹೌದು ಕಣಮ್ಮ, ಬರಿ ಕಣಮ್ಮ" ಎಂದು ನನ್ನ ದನಿಯಲ್ಲೇ ತನಗೆ ತಾನೇ ಹೇಳಿಕೊಂಡು ಬರೆಯುತ್ತಿದ್ದಳು. ಆ ಅಣಕವೂ ನನಗೆ ಊರಿನ ಮಾತೇ. ಅವಳು ಬರುವ ಹೊತ್ತಿಗೆ ಚಹಾಕ್ಕೆ ನೀರಿಡುವುದು ನನ್ನ ದಿನದ ಮುಖ್ಯ ಕೆಲಸವಾಯಿತು. ಅವಳು ಪಾಸಾದರೆ ಹೊರಟುಹೋಗುತ್ತಾಳೆ ಎನ್ನುವುದು ಗೊತ್ತಿದ್ದೂ ಯೋಚಿಸುತ್ತಿರಲಿಲ್ಲ.

ಮಾಗಿ ಚಳಿ ಏರುತ್ತಿದ್ದಾಗ ಒಂದು ಪದ್ಯಭಾಗ ಕೊಟ್ಟೆ. ಮಗ ದಂಡಿಗೆ ಹೋಗಿ ಬಹಳ ಕಾಲವಾಗಿದೆ. ತಾಯಿ ಅಡುಗೆ ಮಾಡಿ ಗಡಿಗೆ ಹೊತ್ತು ಹೊಲಕ್ಕೆ ಹೋಗುತ್ತಾಳೆ. ಬೆಂದ ಅನ್ನವನ್ನು ಸುತ್ತಲೂ ಚೆಲ್ಲಿ, ಗಡಿಗೆ ಬೋರಲು ಹಾಕಿ ಕೂರುತ್ತಾಳೆ. ಮಾದರಿ ಉತ್ತರದಲ್ಲಿ ಹೀಗಿತ್ತು: ಚೆಲ್ಲಿದ ಅನ್ನ ಹತಾಶೆಯ ಸಂಕೇತ, ಬೋರಲು ಗಡಿಗೆ ಬರಿದಾದ ಮಡಿಲು. ನಾನೂ ಅದನ್ನೇ ಕಲಿಸಿದ್ದೆ. ಅಂಬಿಕಾ ಬರೆದದ್ದು ಪೂರ್ತಿ ತಿರುಗುಮುರುಗು: ಈ ತಾಯಿಗೆ ಮಗ ಬರುವ ನಂಬಿಕೆಯಿದೆ.

"ಆಕಿ ಸಿಟ್ಟಿಗೆ ಚೆಲ್ಲಿಲ್ರಿ. ಚರಗ ಚೆಲ್ಯಾಳ," ಎಂದಳು. ಎಳ್ಳಮಾವಾಸ್ಯೆಗೆ ಇಲ್ಲಿಯವರು ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಅದನ್ನು ಚೆಲ್ಲುತ್ತಾ ಭೂಮಿಗೆ ಉಣ್ಣಿಸುತ್ತಾರೆ. ಅದೇ ಚರಗ.

"ಸರಿ, ಹಾಗಾದ್ರೆ ಗಡಿಗೆ ಯಾಕೆ ಬೋರಲು ಹಾಕಿದ್ಳು? ಕವಿ ಸುಮ್ಮನೆ ಹೇಳ್ತಾನಾ?"

ಅವಳು ಪದ್ಯವನ್ನು ಮತ್ತೊಮ್ಮೆ ಓದತೊಡಗಿದಳು. ಅರ್ಧ ಅಂಕ ಕಳೆದೆ. "ಉತ್ತರ ನೋಡೋರು ನಮ್ಮ ಕಡೆಯವರಾಗಿದ್ರೆ ಚರಗ ಗೊತ್ತೇ ಇರಲ್ಲ ಕಣಮ್ಮ," ಎಂದೆ.

"ಅಂದ್ರ ನಾ ಅವರ ಹೊಲದಾಗ ನಿಂತು ಬರೀಬೇಕೇನ್ರಿ?"

ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾನು ಎರಡು ಲೋಟಕ್ಕೆ ನೀರಿಟ್ಟು ಒಂದನ್ನು ಸೋಸುತ್ತಿದ್ದೆ. ಕಾಶೀಬಾಯಿ, "ನಿಮ್ಮ ಹುಡುಗಿ ಎಲ್ರಿ, ಕಾಣವಲ್ಲಳು?" ಎಂದು ಕೇಳಿದಾಗ ಪರೀಕ್ಷೆ ಹತ್ತಿರ ಬಂತು ಎಂದು ಏನೋ ಹೇಳಿದೆ.

ಅಮಾವಾಸ್ಯೆಯ ಹಿಂದಿನ ದಿನ ಅಂಬಿಕಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. "ನಮ್ಮವ್ವ ಕರಿಯಾಕ ಹೇಳ್ಯಾಳ್ರಿ. ನಾಳಿ ಹೊಲಕ್ಕ ಬರಬೇಕಂತ."

ಕಿಣ್ಣಿ ಸುಲ್ತಾನದ ಹೊಲದಲ್ಲಿ ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿ, ಚಪ್ಪಲಿ ಕೈಗೆ ಬಂತು. ಜೋಳ ಎದೆಯೆತ್ತರ, ಅಂಚಿನಲ್ಲಿ ಕುಸುಬೆ. ಭಜ್ಜಿ ಅಂದರೆ ನಮ್ಮ ಕಡೆಯ ಎಣ್ಣೆ ತಿಂಡಿ ಅಂದುಕೊಂಡಿದ್ದೆ. ಇಲ್ಲಿ ಅದು ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಬೆರೆಸಿ ಬೇಯಿಸಿದ ಪಲ್ಯ. ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ಅಂಬಿಕಾಳ ತಾಯಿ ಶಾಂತಾಬಾಯಿ ಬುಟ್ಟಿ ಹಿಡಿದು ಚೆಲ್ಲುತ್ತಾ ನಡೆದರು. ತಂದೆ ಶಿವಶರಣಪ್ಪ ಹಿಂದಿನಿಂದ ನೀರು ಚಿಮುಕಿಸುತ್ತಾ ಬಂದರು. ಒಬ್ಬರು ಕೂಗಿದ್ದಕ್ಕೆ ಇನ್ನೊಬ್ಬರು ಓಗೊಡುತ್ತಿದ್ದರು. ಪಕ್ಕದ ಹೊಲದಿಂದಲೂ ಅದೇ ಕೂಗು ಬರುತ್ತಿತ್ತು. ನಂತರ ಅಂಬಲಿಯ ಗಡಿಗೆ ತೊಳೆದು ಬದುವಿನ ಮೇಲೆ ಬೋರಲು ಹಾಕಿದರು. ನೀರು ಸೋರಿಹೋಗಲಿ ಎಂದು, ಅಷ್ಟೇ. ಅಂಬಿಕಾ ನನ್ನನ್ನು ನೋಡಿ ಹುಬ್ಬು ಹಾರಿಸಿದಳು.

ಆದರೆ ಶಾಂತಾಬಾಯಿ ಬುಟ್ಟಿಯಲ್ಲಿ ಕೊನೆಯದೊಂದು ಹಿಡಿ ಉಳಿಸಿಕೊಂಡಿದ್ದರು. ಬದುವಿನ ತುದಿಗೆ ಹೋಗಿ ಪಡುವಣಕ್ಕೆ ತಿರುಗಿ ಅದನ್ನು ಎಸೆದರು. ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಕೂತರು.

"ಅದು ಯಾರಿಗೆ?" ಎಂದು ಕೇಳಿದೆ.

"ದೊಡ್ಡ ಮಗಳ್ನ ಸೊಲ್ಲಾಪುರಕ್ಕ ಕೊಟ್ಟೀವ್ರಿ. ಹಬ್ಬಕ್ಕ ಬಿಡೂದಿಲ್ಲ ಅವರು. ಇದೇನು ಶಾಸ್ತ್ರ ಅಲ್ರಿ ಅಕ್ಕೋರ, ನಂದೊಂದು ಚಟ." ಇಲ್ಲಿಯ ಹಳ್ಳಿಯವರು ಹೆಣ್ಣುಮೇಷ್ಟ್ರಿಗೆ ಅಕ್ಕೋರು ಅನ್ನುತ್ತಾರೆ.

ಅಂಬಿಕಾ ತಾಯಿಯನ್ನೇ ನೋಡುತ್ತಿದ್ದಳು. ವರ್ಷವರ್ಷವೂ ಕಂಡಿದ್ದನ್ನು ಅವಳು ಅಂದೇ ನೋಡಿದಳೇನೋ. ನನ್ನನ್ನು ಬಸ್ಸಿಗೆ ಬಿಡಲು ಬರುವ ದಾರಿಯಲ್ಲಿ, "ನಂಬಿಕಿನೂ ಅದ, ಸಂಕಟಾನೂ ಅದ. ಹೌದಲ್ರಿ?" ಎಂದಳು. "ನಿನಗೂ ಅರ್ಧ ಅಂಕ, ನನಗೂ ಅರ್ಧ," ಎಂದೆ. ಆಮೇಲೆ ಅವಳ ಬರಹದ ರೀತಿ ಬದಲಾಯಿತು. ಮೊದಲು ಕೈ ಏನು ಮಾಡಿತು ಎಂದು ಬರೆಯುವುದು. ಆ ನೆಲದಲ್ಲಿ ಅದಕ್ಕಿರುವ ಅರ್ಥ, ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ. ಆಮೇಲೆ ಅದರೊಳಗಿನ ಸಂಕಟ. ಸಂಜೆಯ ಚಹಾ ಮತ್ತೆ ಎರಡು ಲೋಟವಾಯಿತು.

ಬೇಸಿಗೆಯಲ್ಲಿ ಪರೀಕ್ಷೆ ಬರೆದಳು. ಕಲಬುರಗಿಯಲ್ಲೂ ಸೀಟು ಸಿಕ್ಕಿತು, ಮೈಸೂರಿನಲ್ಲೂ ಸಿಕ್ಕಿತು. ಮೈಸೂರಿನ ಆಸೆಯನ್ನು ನನ್ನ ಹತ್ತಿರ ಹೇಳಿದ್ದಳು, ಅಪ್ಪನ ಹತ್ತಿರ ಹೇಳಿರಲಿಲ್ಲ. ಶಿವಶರಣಪ್ಪ ಮಗಳನ್ನು ಕರೆದುಕೊಂಡು ನನ್ನ ಮಾಳಿಗೆಗೆ ಬಂದರು.

"ಕಲಬುರಗಿ ಆದ್ರ ಐತವಾರ ಐತವಾರ ಬಂದು ಹೋಗ್ತಾಳ್ರಿ. ನಿಮಗೂ ಭೆಟ್ಟಿ ಆಗ್ತಾಳ. ಮೈಸೂರ ನಾವು ಯಾರೂ ನೋಡಿಲ್ಲ. ನೀವು ಅಲ್ಲಿಯವರು. ನೀವ ಹೇಳ್ರಿ ಅಕ್ಕೋರ, ನೀವು ಹೇಳಿದಂಗ ಮಾಡ್ತೇವಿ."

ಐತವಾರ ಅಂದರೆ ಭಾನುವಾರ. ನನ್ನ ಆ ಉದ್ದನೆಯ ಭಾನುವಾರಗಳು. ಕಲಬುರಗಿಯೂ ಒಳ್ಳೆಯದೇ ಎಂದರೆ ಸುಳ್ಳಾಗುತ್ತಿರಲಿಲ್ಲ. ಅಂಬಿಕಾ ನೆಲದ ಪರಸಿಯನ್ನೇ ನೋಡುತ್ತಾ ಕೂತಿದ್ದಳು. ಒಂದು ಸಲವೂ ನನ್ನ ಮುಖ ನೋಡಿ ಬೇಡಲಿಲ್ಲ. ತೊಗರಿಯ ಮೋಡ ಗೊತ್ತಿಲ್ಲದವರ ನಡುವೆ ಎದ್ದು ನಿಂತು ಹೇಳಬೇಕಾದ ಹುಡುಗಿ ಇವಳು, ಮೊದಲ ದಿನ ನನ್ನೆದುರು ನಿಂತ ಹಾಗೆ.

"ಮೈಸೂರಿಗೆ ಕಳಿಸಿ," ಎಂದೆ. ಚಹಾ ತರುತ್ತೇನೆಂದು ಒಳಗೆ ಹೋಗಿ, ಒಲೆ ಹಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡೆ.

ಈಗ ಅವಳು ಫೋನಿನಲ್ಲಿ ನನಗೆ ನಮ್ಮ ಕಡೆಯ ಸುದ್ದಿ ಹೇಳುತ್ತಾಳೆ. ಹಾಸ್ಟೆಲಿನಲ್ಲಿ ರೊಟ್ಟಿ ಇಲ್ಲ, ಸಾರು ಸಿಹಿ, ಜನ ಮೆತ್ತಗೆ ಮಾತಾಡುತ್ತಾರೆ, ಸಿಟ್ಟು ಬಂದದ್ದೇ ತಿಳಿಯುವುದಿಲ್ಲ. "ಮೋಡ ಬಂದ್ರ ಎಲ್ಲಾರೂ ಖುಷಿ ಆಗ್ತಾರ್ರೀ ಇಲ್ಲಿ. ನಂಗ ಮಾತ್ರ ಎದಿ ಝಲ್ ಅಂತದ ಕಣ್ರೀ," ಎಂದಳು ಮೊನ್ನೆ. ಆ ಕಣ್ರೀ ಕೇಳಿ ಇಬ್ಬರೂ ನಕ್ಕೆವು. ದಸರೆಗೆ ಮದ್ದೂರಿಗೆ ಹೋದಾಗ ಅತ್ತಿಗೆ, "ನಿನ್ನ ಮಾತೇ ಬದಲಾಯ್ತು, ಏನ್ ಕೇಳಿದ್ರೂ ಹೌದ್ರಿ ಅಂತೀಯ," ಎಂದು ಮಕ್ಕಳನ್ನು ಕರೆದು ತೋರಿಸಿದರು. ಅಂದು ಆಕಾಶ ಕವಿದಿತ್ತು. ಎಲ್ಲರೂ ಗದ್ದೆಗೆ ಒಳ್ಳೆಯದಾಯಿತು ಎಂದರು. ನನಗೆ ಮಾತ್ರ ಕಿಣ್ಣಿ ಸುಲ್ತಾನದ ತೊಗರಿ ನೆನಪಾಯಿತು.

ಈ ಸಲದ ಎಳ್ಳಮಾವಾಸ್ಯೆಗೆ ಶಾಂತಾಬಾಯಿ ಬುಟ್ಟಿಯ ಒಂದು ಬದಿಯನ್ನು ನನ್ನ ಕೈಗೆ ಕೊಟ್ಟರು. ಹೊಲ ಸುತ್ತಿ ಬಂದೆವು. ಗಡಿಗೆ ತೊಳೆದು ಬೋರಲು ಹಾಕಿದೆ. ಅವರು ಸೊಲ್ಲಾಪುರದ ಕಡೆಗೆ ಒಂದು ಹಿಡಿ ಎಸೆದು, ಇನ್ನೊಂದು ಹಿಡಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಅಕ್ಕೋರ, ಮೈಸೂರ ಯಾವ ದಿಕ್ಕಿಗದರಿ?"

ನಾನು ದಕ್ಷಿಣಕ್ಕೆ ಕೈ ತೋರಿಸಿದೆ. ಅವರು ಎಸೆಯಲಿಲ್ಲ. ಅಂಗೈ ಬಿಡಿಸಿ ಭಜ್ಜಿಯಲ್ಲಿ ಅರ್ಧವನ್ನು ನನ್ನ ಅಂಗೈಗೆ ಹಾಕಿದರು. "ನಿಮ್ಮ ಮಂದಿನೂ ಆ ಕಡಿನೇ ಇದ್ದಾರಲ್ರಿ. ಒಗೀರಿ."

ಇಬ್ಬರೂ ಒಟ್ಟಿಗೆ ಎಸೆದೆವು. ಎಸೆಯುವಾಗ ಊರಿನವರ ಮುಖ ನೆನೆಯಬೇಕೆಂದಿದ್ದೆ: ಅಣ್ಣ, ಅತ್ತಿಗೆ, ಮನೆ ಮುಂದಿನ ನಾಲೆ. ಮೊದಲು ಬಂದದ್ದು ಅಂಬಿಕಾಳ ಮುಖ.