ಅಳಲಿ ಎನ್ನುವ ಕುಶಲಾ ಸಿಸ್ಟರ್
ಮಣಿಪಾಲದ ಮಕ್ಕಳ ವಾರ್ಡಿನ ಕುಶಲಾ ಸಿಸ್ಟರ್ ಕಲ್ಲೆದೆಯವರು ಎಂಬುದು ಅಲ್ಲಿಯ ಅಜ್ಜಿಯಂದಿರ ಒಮ್ಮತದ ತೀರ್ಪು. ಕಫ ಕಟ್ಟಿ ಏದುಸಿರು ಬಿಡುವ ಕೂಸಿನ ಹಿಮ್ಮಡಿ ಚುಚ್ಚಿ, ಉಸಿರಿನ ಹದ ನೋಡಲು ನಾಲ್ಕು ಹನಿ ರಕ್ತ ತೆಗೆಯುವಾಗ ಅದು ಕಿರುಚಿದರೆ ಅವರ ಮುಖ ಮಟ್ಟುಗುಳ್ಳ ಬದನೆಯ ಹಾಗೆ ಹೊಳೆಯುತ್ತದೆ. “ಅಳಲಿ ಮಾರಾಯ್ರೆ, ಅಳಲಿಕ್ಕೆ ಶಕ್ತಿ ಉಂಟಲ್ವಾ” ಎನ್ನುತ್ತಾರೆ. ಮೊನ್ನೆ ಕಟ್ಟಡ ಕೆಲಸದ ಯಮನವ್ವ ತನ್ನ ಕೂಸನ್ನು ತಂದು, “ಎರಡ ದಿನ ಅತ್ತು ಈಗ ತಣ್ಣಗ ಮಲಗೇತ್ರಿ” ಎಂದು ಸಮಾಧಾನಪಟ್ಟಾಗ ಮಾತ್ರ ಆ ಮುಖ ಕಪ್ಪಿಟ್ಟಿತು. ಚುಚ್ಚಿದರೂ ಕೂಸು ಮಿಸುಕಲಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತ್ತು. ಅದು ಮಲಗಿರಲಿಲ್ಲ, ಉಸಿರಾಡಿ ಸೋತಿತ್ತು. ಯಂತ್ರದ ಆಸರೆಯಲ್ಲಿ ಚೇತರಿಸಿಕೊಂಡು ಮೂರನೇ ದಿನ ಅತ್ತಾಗ ಅಜ್ಜಿಯಂದಿರು ಕಿವಿ ಮುಚ್ಚಿಕೊಂಡರು. ಕಾಪುವಿನ ತಮ್ಮ ಮನೆಯಲ್ಲಿ ಪುಟ್ಟ ಮೊಮ್ಮಗಳು ಸದ್ದಿಲ್ಲದೆ ಮಲಗಿದ್ದರೆ, ಸೊಸೆ ಎಷ್ಟೇ ಗೊಣಗಲಿ, ಸಿಸ್ಟರ್ ಅಂಗಾಲಿಗೆ ಕಚಗುಳಿಯಿಟ್ಟು ಅಳಿಸಿಯೇ ಊಟಕ್ಕೆ ಕೂರುತ್ತಾರೆ.