ಎಲ್ಲರ ಹೊಲಕ್ಕೂ ಹೊಳೆ

ಕಟಕೋಳದ ಚಹಾದಂಗಡಿಯಲ್ಲಿ ಅಣ್ಣತಮ್ಮಂದಿರಿಬ್ಬರು ಜಗಳಕ್ಕೆ ನಿಂತಿದ್ದರು. ಮಲಪ್ರಭೆಯ ದಂಡೆಯ ಹೊಲದಲ್ಲಿ ಹೊಳೆಗೆ ಹತ್ತಿದ ಪಾಲು ಇಬ್ಬರಿಗೂ ಬೇಕಿತ್ತು. ನನ್ನ ಜೊತೆ ಬಸ್ಸಿಗೆ ಕಾಯುತ್ತಿದ್ದ ಕೆನಡಾದ ಗೆಳತಿ ಕ್ಲೇರ್‌ಗೆ ವಿಷಯ ಹೇಳಿದೆ. ಅವಳು ಥಟ್ಟನೆ ಎದ್ದು ಕಡ್ಡಿಯಿಂದ ನೆಲದ ಮೇಲೆ ನದಿ ಬರೆದಳು, ನದಿಯಿಂದ ಹಿಂದಕ್ಕೆ ಉದ್ದುದ್ದ ಪಟ್ಟಿಗಳನ್ನು ಎಳೆದಳು. ದೋಣಿಯಲ್ಲಿ ಬಂದು ಹುಲ್ಲುಗಾವಲಿನ ಕಣಿವೆಯಲ್ಲಿ ನೆಲೆಸಿದ ಅವಳ ಫ್ರೆಂಚ್ ಹಿರಿಯರು ಹೊಲಗಳನ್ನು ಹೀಗೇ ಹಂಚಿಕೊಂಡಿದ್ದರಂತೆ. ಪಟ್ಟಿ ಎಷ್ಟೇ ಸಣ್ಣದಿರಲಿ, ಎಲ್ಲರದೂ ನದಿಗೆ ಮುಟ್ಟಬೇಕು. ನಾನು ಒಂದೇ ಉಸಿರಿಗೆ ಅಣ್ಣತಮ್ಮಂದಿರಿಗೆ ಕನ್ನಡದಲ್ಲಿ ಹೇಳಿದೆ.

"ಹೊಳಿ ಉಕ್ಕಿ ಬಂದ್ರ?" ತಮ್ಮ ಕೇಳಿದ.

ಕ್ಲೇರ್‌ಳನ್ನು ಕೇಳಿ ಹೇಳಿದೆ: "ಎಲ್ಲಾರ ಮನಿಗೂ ನೀರು ಹೊಗತಿತ್ತಂತ."

ಅಣ್ಣ ನಕ್ಕುಬಿಟ್ಟ. "ಹಗ್ಗಾ ತಗೋ, ಬೆಳಕಿರೂದ್ರಾಗ ಅಳದು ಬಿಡೋಣು. ಅಕ್ಕಾರ, ನೀವೂ ಬರ್ರಿ."

ನಮ್ಮ ರಾಮದುರ್ಗದ ಬಸ್ಸು ಬಂದು ನಿಂತಿತು. ನಾವು ಹೊಲದ ಕಡೆ ನಡೆದೆವು.