ಅವ್ವನ ಸಾಲು

ಲಂಡನ್ನಿನಲ್ಲಿ ಸಂಗೀತ ಕಟ್ಟಿ ಹೊಟ್ಟೆ ಹೊರೆಯುವ ನನಗೆ ಈಗೀಗ ನನ್ನ ಕಸುಬೆಂದರೆ ವಾಕರಿಕೆ. ಬೆಕ್ಕಿನ ಆಹಾರದ ಜಾಹೀರಾತಿಗೂ ರಾಗ ಹಾಕಿದವಳು ನಾನು. ಆಗೆಲ್ಲ ನಗು ಬರುತ್ತಿತ್ತು, ಅಷ್ಟೆ. ಚಿಗವ್ವನ ಹಾಡಿಗೆ ಆದ ಗತಿ ನೋಡಿದ ಮೇಲೆ ಸ್ಟುಡಿಯೋದ ಬಾಗಿಲು ತೆರೆಯಲೂ ಮನಸ್ಸಾಗುವುದಿಲ್ಲ.

ಚಿಗವ್ವ ಅವ್ವನ ತಂಗಿ, ಇಳಕಲ್ಲಿನಲ್ಲಿರುತ್ತಾಳೆ. ಅಕ್ಕತಂಗಿ ಇಬ್ಬರೂ ಹುನಗುಂದದ ತವರಿನಲ್ಲಿ ಎದುರುಬದುರು ಕೂತು ಜೋಳ ಬೀಸಿದವರು. ಬೀಸುವಾಗ ಒಬ್ಬಳು ಒಂದು ಸಾಲು ಹಾಡಿದರೆ ಮುಂದಿನ ಸಾಲು ಇನ್ನೊಬ್ಬಳದು. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೂ ರೊಟ್ಟಿ ಬಡಿಯುತ್ತ ಹಾಗೇ ಹಾಡುತ್ತಿದ್ದರು. ಅವ್ವ ತೀರಿಕೊಂಡಳು. ಈಗ ಚಿಗವ್ವ ತನ್ನ ಸಾಲು ಹಾಡಿ, ಅವ್ವನ ಸಾಲಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ತನ್ನದನ್ನು ಎತ್ತಿಕೊಳ್ಳುತ್ತಾಳೆ.

ಹೋದ ವರ್ಷ ಲಂಡನ್ನಿನ ಒಂದು ಸಿನಿಮಾಕ್ಕೆಂದು ಇಳಕಲ್ಲಿಗೆ ಬಂದು ಆ ಹಾಡನ್ನು ಮುದ್ರಿಸಿಕೊಂಡೆ. ಪಕ್ಕದ ಮನೆಯ ಮಗ್ಗದ ಸದ್ದು ಬಾರದಂತೆ ಕಿಟಕಿಗೆ ಕೌದಿ ಕಟ್ಟಿದ್ದೆ.

"ಅವ್ವನ ಸಾಲೂ ನೀನ ಹಾಡಿಬಿಡು ಚಿಗವ್ವಾ," ಅಂದೆ.

"ಅದು ಅಕ್ಕಂದು. ನಾ ಹೆಂಗ ಹಾಡ್ಲಿ? ಅಕಿ ಜಾಗಾ ಅಕಿಗೆ ಬಿಡು."

ಬಿಡುತ್ತೇನೆ ಎಂದು ಮಾತು ಕೊಟ್ಟೆ.

ಸಿನಿಮಾದ ನಿರ್ಮಾಪಕನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಬೆರಳಿಗೆ ಮೆತ್ತಿದ ಕೇಕಿನ ಕ್ರೀಮು ನೆಕ್ಕುತ್ತ, ಮನಸ್ಸು ಕಲಕಿತು ಎಂದ. ಮರುದಿನ ಆ ಮೌನಗಳನ್ನೆಲ್ಲ ಕತ್ತರಿಸಿಹಾಕಿಸಿ, ಸಾಲಿಗೆ ಸಾಲು ಅಂಟಿಸಿ, ಕೆಳಗೆ ಡ್ರಮ್ ಬಡಿಸಿದ್ದ. ಖಾಲಿ ಇದ್ದರೆ ಜನ ಎದ್ದುಹೋಗುತ್ತಾರಂತೆ! ಥೂ. ಜಗಳವಾಡಿದೆ. ಕೊನೆಯ ಮಾತು ಅವನದೇ ಎಂದು ಕರಾರಿನಲ್ಲಿತ್ತು. ಹಾಗಾದರೆ ನನ್ನ ಹೆಸರು ತೆಗೆಯಿರಿ ಎಂದೆ. ಹೆಸರು ತೆಗೆದರು, ಹಾಡು ಬಿಡಲಿಲ್ಲ.

ಊರಿಗೆ ಬಂದಾಗ ಬಾಗಲಕೋಟೆಯಲ್ಲಿ ನಮ್ಮ ಬೀಗರು ಅದನ್ನೇ ಜೋರಾಗಿ ಹಚ್ಚಿಕೊಂಡು ಚಹಾ ಕುಡಿಯುತ್ತಿದ್ದರು.

"ಭಾರೀ ಆಗೇತಿ ನೋಡ್ರಿ! ಮೊದಲ ಭಾಳ ಸಾವಕಾಶ ಇತ್ತು. ನಿಮ್ಮ ಚಿಗವ್ವಗೂ ಕಳಿಸೇನಿ," ಅಂದರು.

ಅವರು ಕೊಟ್ಟ ಚಹಾ ಮುಟ್ಟದೆ ಎದ್ದುಬಂದೆ. ಆ ನಿರ್ಮಾಪಕನಿಗಾದರೂ ಭಾಷೆ ಬಾರದು. ಇವರು ನಮ್ಮ ಅಂಗಳದಲ್ಲೇ ಕೂತು ಅವರಿಬ್ಬರ ಹಾಡು ಕೇಳಿದವರು.

ಇಳಕಲ್ಲಿಗೆ ಹೋದಾಗ ಚಿಗವ್ವ ಫೋನು ಮುಂದಿಟ್ಟುಕೊಂಡು ನನ್ನ ದಾರಿಯನ್ನೇ ಕಾಯುತ್ತಿದ್ದಳು. ಹಾಡು ಹಚ್ಚಿ, ಅದರ ಜೊತೆ ತಾನೂ ಒಂದು ಸಾಲು ಹಾಡಿದಳು. ಸಾಲು ಮುಗಿಸಿ ವಾಡಿಕೆಯಂತೆ ತುಟಿ ಮುಚ್ಚಿದಳು. ಫೋನು ನಿಲ್ಲದೆ ಮುಂದೆ ಹೋಯಿತು. ಇನ್ನೊಮ್ಮೆ ಹಚ್ಚಿದಳು, ಮತ್ತೆ ಹಿಂದೆ ಬಿದ್ದಳು. ಫೋನನ್ನು ಮಗುಚಿಟ್ಟು ನನ್ನ ಮುಖ ನೋಡಿದಳು.

"ಅಕ್ಕನ್ನ ಯಾಕ ತಗದಿ ಯವ್ವಾ?"